ಗುಂಡಿ ಡಬ್ಬಿಯ ಮಾತ್ರೆಗಳು

ದೊಡ್ಡ ಸೊಸೆಯ ಮೂಗಿಗೆ ತಿಂಗಳಿಗೆ ತಗಲುತ್ತಿದ್ದ ಖರ್ಚು ಮೂರು ಮೀಟರು ಅಸ್ತರು ಬಟ್ಟೆಯಷ್ಟು. ಚಿಕ್ಕ ಸೊಸೆಯ ಸೀಸೆಗಳ ಖರ್ಚು ಎರಡು ಮೀಟರು ಮಖಮಲ್ಲಿನಷ್ಟು. ಪರದೆ ಹೊಲಿಯುವ ಮನೆಯಲ್ಲಿ ಎಲ್ಲವನ್ನೂ ಬಟ್ಟೆಯಲ್ಲೇ ಅಳೆಯುತ್ತಾರೆ. ಅಸ್ತರು ಎಂದರೆ ಪರದೆಯ ಬೆನ್ನಿಗೆ ಕೊಡುವ ಅಗ್ಗದ ಬಟ್ಟೆ, ಯಾರ ಕಣ್ಣಿಗೂ ಬೀಳದ್ದು. ಮಖಮಲ್ಲು ಬೀದಿಯ ಆಚೆ ಬದಿಯಿಂದಲೂ ಕಾಣುತ್ತದೆ. ಈ ಲೆಕ್ಕವನ್ನು ದೊಡ್ಡವಳು ಯಾರ ಮುಂದೆಯೂ ಆಡಲಿಲ್ಲ. ಮನಸ್ಸಿನಲ್ಲೇ ಮಡಿಸಿ ಇಟ್ಟುಕೊಂಡು, ಪಾತ್ರೆ ತೊಳೆಯುವಾಗ ಬಿಡಿಸಿ ನೋಡಿಕೊಳ್ಳುತ್ತಿದ್ದಳು.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಕಟ್ಟಿದವರು ಅತ್ತೆ. ಅವರ ಗಂಡುಮಕ್ಕಳಿಬ್ಬರೂ ಬೆಳಿಗ್ಗೆಯೇ ಏಣಿ ಹೊತ್ತುಕೊಂಡು ಊರ ಮನೆಗಳಿಗೆ ಪರದೆ ತೂಗುಹಾಕಲು ಹೋಗುತ್ತಿದ್ದರು. ಅಂಗಡಿಯ ನಡುವೆ ಬಾಗಿಲಿನಷ್ಟು ಅಗಲದ, ಎರಡು ಮಂಚದಷ್ಟು ಉದ್ದದ ಮೇಜು. ಅದರ ಮೇಲಿನ ತೊಲೆಯ ಮೊಳೆಯಲ್ಲಿ ದೊಡ್ಡ ಕತ್ತರಿ. ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಹೊಲಿಗೆ ಯಾರು ಬೇಕಾದರೂ ಹಾಕಬಹುದು, ಕತ್ತರಿ ಮಾತ್ರ ಒಬ್ಬರದೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲಾಗದು ಎಂಬುದು ಅತ್ತೆಯ ಮಾತು. ಕೈ ನಡುಗಲು ಶುರುವಾದ ವರ್ಷ ಅತ್ತೆ ಆ ಕತ್ತರಿಯನ್ನು ದೊಡ್ಡ ಸೊಸೆಗೆ ಕೊಟ್ಟಿದ್ದರು. ಅಂದಿನಿಂದ ಬೇರೆ ಯಾರೂ ಅದನ್ನು ಮೊಳೆಯಿಂದ ತೆಗೆದಿರಲಿಲ್ಲ.

ದೊಡ್ಡವಳ ಕೈ ಬಂಗಾರ. ಆದರೆ ಮೂಗು ಶತ್ರು. ಬಟ್ಟೆಯ ನವಿರು ಧೂಳು ಮೂಗಿಗೆ ಹೋದರೆ ಸಾಕು, ಒಂದರ ಹಿಂದೆ ಒಂದು ಸೀನು. ಬಟ್ಟೆಯ ನಡುವೆ ಕತ್ತರಿ ಇರುವಾಗ ಬಂದ ಸೀನು ಯಾವ ಕಡೆ ಎಳೆಯುತ್ತದೋ ಹೇಳಲಾಗದು. ಅದಕ್ಕೇ ಡಾಕ್ಟರು ನಿದ್ದೆ ಬರಿಸದ ಅಲರ್ಜಿ ಮಾತ್ರೆಯನ್ನು ಬರೆದುಕೊಟ್ಟಿದ್ದರು. ದಿನಾ ಬೆಳಿಗ್ಗೆ ಒಂದು ಮಾತ್ರೆ, ಒಂದು ಲೋಟ ನೀರು. ಹಾಗೆ ವರ್ಷಗಳು ನಡೆದಿದ್ದವು.

ಆಮೇಲೆ ಚಿಕ್ಕವಳು ಬಂದಳು.

ಅವಳು ಬಂದ ಮೇಲೆ ಗಿರಾಕಿಗಳು ಒಳಗೆ ಕೂತು ಹೋಗಲು ಶುರುಮಾಡಿದರು. ಮೊದಲು ನಿಂತೇ ಹೋಗುತ್ತಿದ್ದವರು. ಅವಳ ಮುಖ ಹೊಸದಾಗಿ ಒರೆಸಿದ ಕನ್ನಡಿಯಂತಿತ್ತು. ಬಂದವರು ಪರದೆಯ ಬಣ್ಣ ಕೇಳುವ ಮೊದಲು, "ಮುಖಕ್ಕೆ ಏನು ಹಚ್ಕೊಳ್ತೀಯಮ್ಮ?" ಎಂದು ಕೇಳುತ್ತಿದ್ದರು. ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಅವಳ ವಿಟಮಿನ್ ಸೀಸೆಗಳು ಸಾಲಾಗಿ ನಿಂತಿದ್ದವು: ಕಿತ್ತಳೆ ಬಣ್ಣದ್ದು, ಹಳದಿ ಎಣ್ಣೆಗುಳಿಗೆಯದು, ಬಿಳಿಯ ದಪ್ಪ ಮಾತ್ರೆಯದು. ಬೆಳಿಗ್ಗೆ ಅವಳು ಕಿತ್ತಳೆ ಹಣ್ಣಿನ ರಸ ಹಿಂಡಿಕೊಂಡು ಒಂದೆರಡನ್ನು ಬಾಯಿಗೆ ಹಾಕಿಕೊಳ್ಳುವುದನ್ನು ದೊಡ್ಡವಳು ಒಲೆಯ ಮುಂದೆ ನಿಂತು ಓರೆಗಣ್ಣಿನಿಂದ ನೋಡುತ್ತಿದ್ದಳು.

ಇಷ್ಟನ್ನಾದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಸಹಿಸಲಾಗದ್ದು ಒಂದು ಊಟದ ಹೊತ್ತಿನಲ್ಲಿ ಬಂತು.

"ದೊಡ್ಡವಳೇ, ಚಿಕ್ಕವಳಿಗೂ ಒಂದಿಷ್ಟು ಕತ್ತರಿ ಕಲಿಸು," ಅಂದರು ಅತ್ತೆ. "ನಿನ್ನ ಮೂಗು ನಂಬಿಕೊಂಡು ಅಂಗಡಿ ನಡೆಸೋಕಾಗಲ್ಲ."

"ನನ್ನ ಮೂಗು ಯಾವ ಪರದೆ ಹಾಳು ಮಾಡಿದೆ ಅತ್ತೆ?"

"ಇನ್ನೂ ಮಾಡಿಲ್ಲ. ಮಾಡೋವರೆಗೂ ಕಾಯಬೇಕಾ?"

ಚಿಕ್ಕವಳು ತಟ್ಟೆಯ ಕಡೆ ತಲೆ ಬಗ್ಗಿಸಿದಳು. ನಗು ಮುಚ್ಚಿಡಲೆಂದೇ ಬಗ್ಗಿಸಿದಳು ಎಂದು ದೊಡ್ಡವಳಿಗೆ ಖಾತ್ರಿಯಾಯಿತು. ಮುಖ ಅವಳಿಗಿದೆ, ಗಿರಾಕಿಗಳು ಅವಳಿಗಿದ್ದಾರೆ, ಅತ್ತೆಯ ಬಾಯಲ್ಲಿ ಬೆಣ್ಣೆಯಂಥ ಮಾತೂ ಅವಳಿಗೇ. ಇನ್ನು ಕತ್ತರಿಯೂ ಹೋದರೆ ತನಗೆ ಉಳಿಯುವುದು ಕೆಂಪು ಮೂಗೊಂದೇ.

ಮಾರನೆಯ ದಿನ ಬೆಳಿಗ್ಗೆ, ಚಿಕ್ಕವಳು ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ, ದೊಡ್ಡವಳು ಒಂದೊಂದು ಸೀಸೆಯಿಂದ ನಾಲ್ಕೈದು ಮಾತ್ರೆ ತೆಗೆದಳು. ಕದ್ದಳು ಎನ್ನುವ ಮಾತು ಅವಳ ಮನಸ್ಸಿಗೆ ಬರಲಿಲ್ಲ. ಒಂದೇ ಮನೆಯ ಸಕ್ಕರೆ ಡಬ್ಬಿಯಿಂದ ಒಂದು ಚಮಚ ತೆಗೆದರೆ ಕದ್ದಂತೆಯೇ?

ತೆಗೆದದ್ದನ್ನು ಎಲ್ಲಿಡುವುದು? ಆ ಮನೆಯಲ್ಲಿ ಸಣ್ಣದೆಲ್ಲ ಹೋಗುವುದು ಗುಂಡಿ ಡಬ್ಬಿಗೆ. ದಿಂಬಿನ ಹೊದಿಕೆಗೆ ಹಾಕುವ ಗುಂಡಿಗಳಿಗೆಂದು ಮಾಡಿದ, ಒಳಗೆ ಚೌಕಚೌಕ ಮನೆಗಳಿರುವ ತಗಡಿನ ಡಬ್ಬಿಗಳು ಅಂಗಡಿಯ ತುಂಬ ಇದ್ದವು. ಬೀಗದ ಕೈ, ಮೊಳೆ, ಸೂಜಿ, ಮಕ್ಕಳ ಉದುರಿದ ಹಲ್ಲು ಎಲ್ಲ ಅದರಲ್ಲೇ. ಯಾವುದರ ಮೇಲೂ ಹೆಸರು ಬರೆಯುವ ಪದ್ಧತಿ ಇರಲಿಲ್ಲ, ಯಾಕೆಂದರೆ ಬೇಕಿರಲಿಲ್ಲ. ಹಾಲು ಬಿಳುಪಿನ ಗುಂಡಿಗೂ ದಂತ ಬಿಳುಪಿನ ಗುಂಡಿಗೂ ಇರುವ ಅಂತರವನ್ನು ದೊಡ್ಡವಳು ಸಂಜೆಗತ್ತಲಲ್ಲೂ ಹೇಳುವವಳು. ಅಂಥವಳಿಗೆ ನಾಲ್ಕು ಬಗೆಯ ಮಾತ್ರೆ ಯಾವ ಲೆಕ್ಕ? ಒಂದು ಚೌಕದಲ್ಲಿ ತನ್ನ ಅಲರ್ಜಿ ಮಾತ್ರೆಗಳನ್ನೂ ಬೆಳ್ಳಿ ಬಣ್ಣದ ಪಟ್ಟಿಯಿಂದ ಒಡೆದು ಸುರಿದಳು. ಪಕ್ಕದ ಚೌಕಗಳಲ್ಲಿ ಓರಗಿತ್ತಿಯ ಚೆಲುವು. ಡಬ್ಬಿಯನ್ನು ಮೇಜಿನ ಕೆಳಗಿನ ಕಪಾಟಿಗೆ ತಳ್ಳಿದಳು.

ಅಂದಿನಿಂದ ಅವಳೂ ಕಿತ್ತಳೆ ರಸ ಹಿಂಡಿಕೊಳ್ಳತೊಡಗಿದಳು. ಒಂದು ಲೋಟ ರಸ, ಅದರ ಜೊತೆ ತನ್ನ ಮಾತ್ರೆ, ಓರಗಿತ್ತಿಯ ಮಾತ್ರೆ, ಎಲ್ಲ ಒಂದೇ ಗುಟುಕಿಗೆ. ಚೌಕ ಖಾಲಿಯಾದರೆ ಸೀಸೆಗಳಿಂದ ಮತ್ತೆ ತುಂಬಿಕೊಳ್ಳುವಳು. ಚಿಕ್ಕವಳು ಯಾವುದನ್ನು ಯಾವಾಗ ತೆಗೆದುಕೊಳ್ಳುತ್ತಾಳೆಂದು ಅವಳು ವಿಚಾರಿಸಲಿಲ್ಲ. ಕೇಳಿದರೆ ಕೆಳಗಾದಂತೆ.

"ಏನಕ್ಕ, ನೀವೂ ರಸ ಕುಡಿಯೋಕೆ ಶುರು ಮಾಡಿದ್ರಾ?" ಎಂದು ಚಿಕ್ಕವಳೇ ಒಮ್ಮೆ ಕೇಳಿದಳು.

"ಯಾಕೆ, ಹಣ್ಣು ನಿಂಗೊಬ್ಬಳಿಗೇ ಬಿಡುತ್ತಾ?"

ಚಿಕ್ಕವಳು ತನ್ನ ಲೋಟ ಎತ್ತಿಕೊಂಡು ಹೊರಗೆ ಹೋದಳು.

ದೊಡ್ಡವಳು ದಿನಾ ಕನ್ನಡಿ ನೋಡಿಕೊಂಡಳು. ಮುಖ ಇದ್ದಂತೆಯೇ ಇತ್ತು. ಕೆಟ್ಟದ್ದು ಮೂಗು. ವರ್ಷಗಳಿಂದ ಬಾಯಿ ಮುಚ್ಚಿಕೊಂಡಿದ್ದ ಸೀನು ಒಂದು ವಾರದೊಳಗೆ ವಾಪಸು ಬಂತು. ಅಸ್ತರು ಬಿಚ್ಚಿದರೆ ಸೀನು, ಮಡಿಸಿದರೆ ಸೀನು. ಎಂದಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ, ಆದರೂ ಅದು ನುಂಗಿದ್ದೇ ಸುಳ್ಳು ಎಂಬಂತಾಗಿತ್ತು. ಅತ್ತೆ ಮಹಡಿಯ ಮೆಟ್ಟಿಲ ಮೇಲಿಂದ, "ಕೆಳಗೆ ಪಟಾಕಿ ಯಾರು ಹೊಡೀತಿರೋದು?" ಎಂದು ಕೂಗಿದರು. ಚಿಕ್ಕವಳು ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ಕಣ್ಣೇ ತನಗೆ ಬಡಿದಿದೆ ಎಂದು ದೊಡ್ಡವಳು ತೀರ್ಮಾನಿಸಿದಳು. ತಾನು ಹಗಲೂ ರಾತ್ರಿ ಅವಳ ಮೇಲೆ ಇಟ್ಟಿದ್ದ ಕಣ್ಣು ಲೆಕ್ಕಕ್ಕೆ ಬರಲಿಲ್ಲ.

ಆ ಹೊತ್ತಿಗೇ ಸಂಗೀತ ಶಾಲೆಯ ಸಭಾಂಗಣದ ಕೆಲಸ ಬಂತು. ಎತ್ತರದ ಕಿಟಕಿಗಳು, ಪ್ರತಿಯೊಂದರ ತಲೆಯೂ ಕಮಾನಿನಂತೆ ಬಾಗಿದ್ದು, ಪ್ರತಿಯೊಂದಕ್ಕೂ ಎರಡೆರಡು ಪರದೆ. ಬಟ್ಟೆ ಕಡುಗೆಂಪು ಮಖಮಲ್ಲು. ಶಾಲೆಯವರೇ ತರಿಸಿಕೊಟ್ಟಿದ್ದ ಒಂದೇ ಸುರುಳಿ, ಅದೇ ಬಣ್ಣ ಮತ್ತೆ ಸಿಗುವುದಿಲ್ಲವೆಂದು ಹೇಳಿಯೇ ಇಳಿಸಿ ಹೋಗಿದ್ದರು. ಅಂಗಡಿ ಕಟ್ಟಿದ ಮೇಲೆ ಇಷ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಅತ್ತೆ ಚುಟುಕಾಗಿ ಹೇಳಿದರು.

"ಇದೊಂದು ನೀನು ಸರಿಯಾಗಿ ಕತ್ತರಿಸಿದ್ರೆ, ಕತ್ತರಿ ವಿಷಯ ನಾನು ಮತ್ತೆ ಎತ್ತಲ್ಲ."

ತಪ್ಪಿದರೆ ಏನೆಂದು ಅವರು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

ಮಖಮಲ್ಲಿಗೆ ಬೆಕ್ಕಿನ ಮೈಯಂತೆ ರೋಮದ ದಿಕ್ಕು ಇರುತ್ತದೆ. ಒಂದು ಕಡೆ ಸವರಿದರೆ ನಯ, ಎದುರು ಸವರಿದರೆ ಒರಟು. ಎಲ್ಲ ಪರದೆಗಳ ರೋಮವೂ ಒಂದೇ ದಿಕ್ಕಿಗೆ, ಕೆಳಮುಖವಾಗಿ ಇರಬೇಕು; ಆ ದಿಕ್ಕನ್ನು ಸೀಮೆಸುಣ್ಣದ ಬಾಣದಿಂದ ಗುರುತು ಮಾಡುತ್ತಾರೆ. ಒಂದು ತಲೆಕೆಳಗಾದರೂ ಅದು ಬೇರೆ ಬಣ್ಣದ ಬಟ್ಟೆಯೋ ಎಂಬಂತೆ ಕಾಣುತ್ತದೆ. ದೊಡ್ಡವಳಿಗೆ ಇದು ಉಸಿರಾಟದಷ್ಟು ಗೊತ್ತು.

ಆ ದಿನ ಬೆಳಿಗ್ಗೆ ಅವಳು ಎರಡು ಕೆಲಸ ಮಾಡಿದಳು. ಮಖಮಲ್ಲಿನ ಮೇಲೆ ಸೀನಬಾರದೆಂದು, ಕಪಾಟಿನ ಮೂಲೆಯಲ್ಲಿದ್ದ ಹಳೆಯ ಅಲರ್ಜಿ ಮಾತ್ರೆಯೊಂದನ್ನೂ ಎಂದಿನದರ ಜೊತೆ ನುಂಗಿದಳು. ಅದು ಹಿಂದೊಮ್ಮೆ ತಂದದ್ದು, ತೆಗೆದುಕೊಂಡರೆ ತೂಕಡಿಕೆ ಬರುತ್ತದೆಂದು ಬಿಟ್ಟದ್ದು. ಒಂದು ದಿನಕ್ಕೆ ಏನಾದೀತು ಅಂದುಕೊಂಡಳು. ಎರಡನೆಯದು, ಕಿಟಕಿಯ ಕಟ್ಟೆಗೆ ಹಿಂದಿನ ಸಂಜೆಯಷ್ಟೇ ಬಂದಿದ್ದ ಹೊಸ ಸೀಸೆ. ಬೇರೆಲ್ಲವಕ್ಕಿಂತ ಚಿಕ್ಕದು, ನೀಲಿ ಮುಚ್ಚಳ. ಚಿಕ್ಕದೆಂದರೆ ದುಬಾರಿ. ದುಬಾರಿ ಎಂದರೆ ಇದೇ ಅವಳ ಚೆಲುವಿನ ಗುಟ್ಟು. ಅದರಿಂದಲೂ ನಾಲ್ಕಾರು ಮಾತ್ರೆ ಡಬ್ಬಿಗೆ ಹಾಕಿಕೊಂಡಳು, ಒಂದನ್ನು ಬಾಯಿಗೂ ಹಾಕಿಕೊಂಡಳು.

ಮೊದಲ ಪರದೆಗಳು ಬೆಣ್ಣೆಯಲ್ಲಿ ಕೂದಲೆಳೆದಂತೆ ಬಂದವು. ಆಮೇಲೆ ಸೀಮೆಸುಣ್ಣದ ಗೆರೆ ಎರಡಾಗಿ ಕಾಣಿಸಿತು. ಅವಳು ಕಣ್ಣುಜ್ಜಿಕೊಂಡು ಒಂದು ತುಂಡನ್ನು ಆಚೆ ಈಚೆ ಹೊರಳಿಸಿದಳು, ಕಮಾನಿನ ಗೆರೆ ಎಳೆದಳು, ಕತ್ತರಿಸಿದಳು. ಕತ್ತರಿಯನ್ನು ಮೊಳೆಗೆ ಸಿಕ್ಕಿಸಿದ್ದು ಅವಳಿಗೆ ನೆನಪಿದೆ. ಮಖಮಲ್ಲು ಕೆನ್ನೆಗೆ ಬೆಚ್ಚಗಿತ್ತು.

ಎಚ್ಚರವಾದಾಗ ಚಿಕ್ಕವಳು ಮೇಜಿನ ಎದುರು ನಿಂತು ಕೊನೆಗೆ ಕತ್ತರಿಸಿದ ತುಂಡನ್ನು ಅಂಗೈಯಲ್ಲಿ ಸವರುತ್ತಿದ್ದಳು. ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ.

"ಅಕ್ಕ, ಇದರ ರೋಮ ಮೇಲ್ಮುಖ ಇದೆ."

"ನಿಂಗೇನು ಗೊತ್ತು ರೋಮದ ವಿಷಯ?"

"ಸವರಿ ನೋಡಿ."

ದೊಡ್ಡವಳು ಸವರಿದಳು. ಅಂಗೈ ಸುಳ್ಳು ಹೇಳಲಿಲ್ಲ. ಪರದೆಯ ಬುಡವಾಗಬೇಕಾದ ತುದಿಯಲ್ಲಿ ಕಮಾನು ಕತ್ತರಿಸಿ ಆಗಿತ್ತು. ಸುರುಳಿಯಲ್ಲಿ ಉಳಿದಿದ್ದದ್ದು ಅದರ ಜೋಡಿಯ ಪರದೆಗಾಗುವಷ್ಟು ಮಾತ್ರ.

"ಹೋಗು. ಅತ್ತೆಗೆ ಹೇಳು," ಅಂದಳು. "ನೀನು ಕಾಯ್ತಾ ಇದ್ದದ್ದು ಇದಕ್ಕೇ ಅಲ್ವಾ?"

ಚಿಕ್ಕವಳು ಮೆಟ್ಟಿಲ ಕಡೆ ನೋಡಿದ್ದು ನಿಜ. ಒಂದು ಹೆಜ್ಜೆ ಇಟ್ಟದ್ದೂ ನಿಜ. ಆದರೆ ಓರಗಿತ್ತಿಯ ಕೆನ್ನೆಯ ಮೇಲೆ ಸೀಮೆಸುಣ್ಣದ ಬಾಣದ ಗುರುತು ಅಚ್ಚೊತ್ತಿತ್ತು, ಮಾತು ತೊದಲುತ್ತಿತ್ತು, ಕಣ್ಣು ಮತ್ತೆ ಮುಚ್ಚುತ್ತಿತ್ತು. ಅವಳು ಹಿಂದಿರುಗಿ ಬಂದಳು.

"ನಿಮಗೆ ಹುಷಾರಿಲ್ವಾ? ಏನು ತಗೊಂಡ್ರಿ?"

"ದಿನಾ ತಗೊಳ್ಳೋದೇ."

"ಎಲ್ಲಿದೆ ತೋರ್ಸಿ."

ದೊಡ್ಡವಳು ತೋರಿಸಲಿಲ್ಲ. ಆದರೆ ಮೇಜಿನ ಕೆಳಗಿನ ಕಪಾಟು ಅರ್ಧ ತೆರೆದಿತ್ತು, ಡಬ್ಬಿಯ ಮುಚ್ಚಳವೂ ಪಕ್ಕದಲ್ಲೇ ಬಿದ್ದಿತ್ತು. ಚಿಕ್ಕವಳು ಬಗ್ಗಿ ಎತ್ತಿಕೊಂಡಳು. ಕಿತ್ತಳೆ, ಹಳದಿ, ಬಿಳಿ. ತನ್ನ ಕಿಟಕಿಯ ಕಟ್ಟೆಯೇ ಚೌಕಚೌಕವಾಗಿ ಅಲ್ಲಿ ಕೂತಿತ್ತು.

"ಇವು ಗುಂಡಿ ಅಲ್ಲ," ಅಂದಳು.

ದೊಡ್ಡವಳು ಮಖಮಲ್ಲಿನ ಮೇಲೆ ಇಲ್ಲದ ಧೂಳನ್ನು ಕೊಡವಿದಳು.

"ಅಕ್ಕ, ಈ ಚಿಕ್ಕದು ನೀಲಿ ಮುಚ್ಚಳದ ಸೀಸೆದು, ನಿದ್ದೆ ಬರಿಸೋದು. ರಾತ್ರಿ ಮಲಗೋವಾಗ ತಗೊಳ್ಳೋದು. ಇದನ್ನ ಬೆಳಿಗ್ಗೆ ನುಂಗಿ ಕತ್ತರಿ ಹಿಡಿದ್ರಾ?"

"ನಿದ್ದೆಗೆ ಮಾತ್ರೆನಾ? ನಿಂಗ್ಯಾಕೆ? ಗಂಡ ಚೆನ್ನಾಗಿದ್ದಾನೆ, ಅತ್ತೆ ಹೊಗಳ್ತಾರೆ, ಊರೆಲ್ಲ ನಿನ್ನ ಮುಖ ನೋಡೋಕೆ ಬರುತ್ತೆ. ನಿಂಗೆ ನಿದ್ದೆ ಬರದೇ ಇರೋಕೆ ಏನು ರೋಗ?"

"ನೀವೇ," ಅಂದಳು ಚಿಕ್ಕವಳು.

ಡಬ್ಬಿಯನ್ನು ಮೇಜಿನ ಮೇಲಿಟ್ಟಳು.

"ಬಂದವರೆಲ್ಲ ನನ್ನ ಜೊತೆ ನಗ್ತಾರೆ ಅಕ್ಕ, ಆಮೇಲೆ 'ಕತ್ತರಿಸೋದು ದೊಡ್ಡವರೇ ತಾನೇ?' ಅಂತ ಕೇಳಿ ಖಾತ್ರಿ ಮಾಡ್ಕೊಂಡು ಹೋಗ್ತಾರೆ. ಸಂಗೀತ ಶಾಲೆಯವರೂ ಅದನ್ನೇ ಕೇಳಿದ್ರು. ನಾನು ಈ ಅಂಗಡಿಗೆ ಬಾಗಿಲ ಪರದೆ, ಅಷ್ಟೇ. ನಾನಿಲ್ಲದಿದ್ರೂ ನಡೆಯುತ್ತೆ. ನೀವಿಲ್ಲದಿದ್ರೆ ನಡೆಯಲ್ಲ. ಮಲಗಿದ್ರೆ ನಿಮ್ಮ ಕತ್ತರಿ ಸದ್ದೇ ಕೇಳುತ್ತೆ. ಹೊಟ್ಟೆ ಉರಿಯುತ್ತೆ."

ದೊಡ್ಡವಳಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಂತೋಷ. ತೂಕಡಿಕೆಯ ನಡುವೆಯೂ ಅದು ಬೆಚ್ಚಗೆ ಮೈತುಂಬ ಹರಿಯಿತು. ತನ್ನನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವವರೂ ಒಬ್ಬರಿದ್ದಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಇನ್ನೊಂದ್ಸಲ ಹೇಳು," ಅಂದಳು.

"ಹೇಳಲ್ಲ. ಏಳಿ. ಔಷಧಿ ಅಂಗಡಿಗೆ ಹೋಗೋಣ."

ಔಷಧಿ ಅಂಗಡಿ ಬೀದಿಯ ತುದಿಯಲ್ಲೇ. ಅಲ್ಲಿ ಔಷಧಿ ಕೊಡುವಾಕೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು, ಗಾಜಿನ ಮೇಲೆ ಸುರಿದ ಗುಂಡಿ ಡಬ್ಬಿಯನ್ನು ನೋಡಿದರು.

"ಇದೇನಮ್ಮ, ಅಂಗಿಗೆ ಹೊಲಿಯೋಕಾ?"

"ಅಲರ್ಜಿದು, ಮತ್ತೆ ವಿಟಮಿನ್ನು," ಅಂದಳು ದೊಡ್ಡವಳು. "ಬಿಳಿ ದಪ್ಪದ್ದು ಅದು, ಹಾಲು ಬಿಳುಪಿಂದು ಇದು."

"ನಿಮಗೆ ಗೊತ್ತಿರಬಹುದು. ಬಣ್ಣ ನೋಡಿ ಮಾತ್ರೆ ಹೆಸರು ಹೇಳೋ ಧೈರ್ಯ ನಂಗಿಲ್ಲ. ಸೀಸೆ ತನ್ನಿ, ಮಾತ್ರೆ ಒಡೆದ ಪಟ್ಟಿ ತನ್ನಿ."

ಚಿಕ್ಕವಳು ಓಡಿಹೋಗಿ ತಂದಳು. ಔಷಧಿ ಅಂಗಡಿಯಾಕೆ ಮೊದಲು ದೊಡ್ಡವಳ ಉಸಿರಾಟ, ಎದೆಬಡಿತದ ಬಗ್ಗೆ ಕೇಳಿ, ಎಷ್ಟೆಷ್ಟು ನುಂಗಿದಳೆಂದು ಒಂದೊಂದಾಗಿ ಹೇಳಿಸಿದರು. ಆಮೇಲೆ ಸೀಸೆಗಳನ್ನು ಎರಡು ಗುಂಪು ಮಾಡಿದರು.

"ಕಿತ್ತಳೆ ಬಣ್ಣದ ವಿಟಮಿನ್ ಸಿ, ಈ ಹಳದಿ ಗುಳಿಗೆ ವಿಟಮಿನ್ ಡಿ. ಅಳತೆ ಮೀರದಿದ್ರೆ ಇವಕ್ಕೂ ನಿಮ್ಮ ಅಲರ್ಜಿ ಮಾತ್ರೆಗೂ ಜಗಳ ಇಲ್ಲ. ಎಂದಿನ ಮಾತ್ರೆ ಯಾವುದರ ಜೊತೆ ನುಂಗ್ತಿದ್ರಿ?"

"ಮೊದಲು ನೀರು. ಈಗ ಕಿತ್ತಳೆ ರಸ."

"ಅಲ್ಲೇ ಕೆಟ್ಟದ್ದು. ಎಲ್ಲ ಅಲರ್ಜಿ ಮಾತ್ರೆಗೂ ಹೀಗಂತಲ್ಲ, ನಿಮ್ಮದು ಹಾಗೆ. ಹಣ್ಣಿನ ರಸದ ಜೊತೆ ಹೋದ್ರೆ ಮೈಗೆ ಸರಿಯಾಗಿ ಹತ್ತಲ್ಲ. ಈ ಬಿಳಿ ದಪ್ಪದ್ದು ಮೆಗ್ನೀಸಿಯಂ. ಅದನ್ನೂ ಅದೇ ಹೊತ್ತಿಗೆ ನುಂಗಿದ್ರೆ ಅದೇ ಕಥೆ. ಎರಡರ ನಡುವೆ ಕೆಲವು ಗಂಟೆ ಬಿಡಬೇಕು. ಅಂದ್ರೆ ಇಷ್ಟು ದಿನ ನೀವು ಮಾತ್ರೆ ನುಂಗಿದ್ರಿ, ಅದಕ್ಕೆ ಕೆಲಸ ಮಾಡೋಕೆ ಬಿಡ್ಲಿಲ್ಲ."

"ಹಾಗಾದ್ರೆ ನನಗೆ ಕಣ್ಣು ತಾಗಿದ್ದಲ್ಲ," ಎಂದು ದೊಡ್ಡವಳು ನಿರಾಶೆಯಿಂದ ಹೇಳಿದಳು.

"ಸೀನು ಜಾಸ್ತಿ ಆಯ್ತು ಅಂತ ಇನ್ನೊಂದು ಅಲರ್ಜಿ ಮಾತ್ರೆ ಸೇರಿಸಿದ್ರಿ. ಅದು ಡಾಕ್ಟರ್ ಹೇಳದೆ ಮಾಡೋ ಕೆಲಸ ಅಲ್ಲ. ಅದರಲ್ಲೂ ಇದು ತೂಕಡಿಕೆ ತರೋದು. ಅದರ ಮೇಲೆ ನಿದ್ದೆ ಗುಳಿಗೆ. ಎರಡೂ ಸೇರಿದ್ರೆ ಒಂದರ ಭಾರ ಇನ್ನೊಂದಕ್ಕೆ ಕೂಡುತ್ತೆ. ಬೆರಳು ಹೋಗಲಿಲ್ಲ, ಪುಣ್ಯ. ಇವತ್ತು ಕತ್ತರಿ, ಗಾಡಿ, ಒಲೆ ಯಾವುದನ್ನೂ ಮುಟ್ಟಬೇಡಿ, ಒಬ್ಬರು ಪಕ್ಕದಲ್ಲಿರಲಿ. ಎಬ್ಬಿಸಿದ್ರೂ ಏಳದೆ ಹೋದ್ರೆ, ಉಸಿರಾಟ ಸರಿ ಇಲ್ಲ ಅನ್ಸಿದ್ರೆ ಕಾಯದೆ ಆಸ್ಪತ್ರೆಗೆ ಹೋಗಿ. ಈ ವಿಟಮಿನ್ನೆಲ್ಲ ಬೇಕು ಅಂತ ನಿಮಗೆ ಯಾರು ಹೇಳಿದ್ರು?"

"ಇವಳ ಮುಖ ಹೇಳ್ತು."

ಚಿಕ್ಕವಳಿಗೆ ನಗು ತಡೆಯಲಾಗಲಿಲ್ಲ. "ಅಕ್ಕ, ನಮ್ಮಮ್ಮನ ಮುಖಾನೂ ಹೀಗೇ. ಅಮ್ಮ ಒಂದು ಮಾತ್ರೆ ನುಂಗಿದವರಲ್ಲ. ನನಗೆ ಡಾಕ್ಟರು ಹೇಳಿದ್ದು ಈ ಹಳದಿ ಗುಳಿಗೆ ಒಂದೇ, ರಕ್ತದಲ್ಲಿ ಕಡಿಮೆ ಇದೆ ಅಂತ. ಉಳಿದದ್ದು ನಾನೇ ಕೊಂಡದ್ದು. ಬೇರೇನು ಮಾಡಲಿ ಗೊತ್ತಾಗದೆ."

"ನೀವೂ ನಿದ್ದೆ ವಿಷಯ ಡಾಕ್ಟರ್ ಹತ್ರ ಮಾತಾಡಿ," ಅಂದರು ಔಷಧಿ ಅಂಗಡಿಯಾಕೆ ಅವಳ ಕಡೆ ತಿರುಗಿ. "ಮತ್ತೆ ಈ ತಗಡಿನ ಡಬ್ಬಿಗೆ ಗುಂಡೀನೇ ಹಾಕಿ. ಮಾತ್ರೆ ಅದರ ಸೀಸೆಯಲ್ಲೇ ಇರಲಿ, ಹೆಸರಿನ ಜೊತೆ. ಯಾವುದಾದ್ರೂ ಹೊಸದು ಸೇರಿಸೋ ಮೊದಲು ಬಂದು ಒಂದು ಮಾತು ಕೇಳಿ. ಕೇಳೋದಕ್ಕೆ ದುಡ್ಡು ಕೊಡಬೇಕಿಲ್ಲ."

ದೊಡ್ಡವಳಿಗೆ ಆ ಮಾತು ನಾಟಿತು. ಕೇಳಿದ್ದರೆ ಪುಕ್ಕಟೆ ಮುಗಿಯುತ್ತಿತ್ತು.

ಹಿಂದಿರುಗುವ ದಾರಿಯಲ್ಲಿ ಚಿಕ್ಕವಳು, "ಅತ್ತೆಗೆ ನಾನೇನೂ ಹೇಳಲ್ಲ," ಅಂದಳು.

"ನೀನು ಹೇಳದೆ ಇದ್ರೆ ಜನ್ಮವಿಡೀ ನಿನ್ನ ಋಣದಲ್ಲಿರಬೇಕು. ಬೇಡ. ನಾನೇ ಹೇಳ್ತೀನಿ."

ಹೇಳಿದಳು. ಮಾತ್ರೆ ತೆಗೆದದ್ದನ್ನೂ ಬಿಡಲಿಲ್ಲ. ಅತ್ತೆ ಮೆಟ್ಟಿಲಿಳಿದು ಬಂದು, ನಡುಗುವ ಕೈಯನ್ನು ಮಖಮಲ್ಲಿನ ಮೇಲೆ ಮೇಲಕ್ಕೂ ಕೆಳಕ್ಕೂ ಆಡಿಸಿದರು. ಬೈಯುತ್ತಾರೆಂದು ಇಬ್ಬರೂ ಕಾದರು. ಅವರು ಉಳಿದ ಬಟ್ಟೆಯನ್ನು ಮೊಳ ಹಾಕಿ ಅಳೆದರು.

"ಇದರ ಜೋಡಿ ಇನ್ನೂ ಕತ್ತರಿಸಿಲ್ಲ ತಾನೇ? ಅದನ್ನೂ ತಲೆಕೆಳಗಾಗಿಯೇ ಕತ್ತರಿಸಿ. ಎರಡೂ ಒಂದೇ ಕಿಟಕಿಗೆ ಹೋಗಲಿ, ವೇದಿಕೆ ಪಕ್ಕದ ಮೂಲೆ ಕಿಟಕಿಗೆ. ಅಲ್ಲಿ ಬೆಳಕು ಓರೆ. ಅವರಿಗೆ ಹೇಳಿಯೇ ಹಾಕಬೇಕು, ಆ ಕಿಟಕಿ ಕೂಲಿ ಕೇಳಬಾರದು." ಆಮೇಲೆ ಮೊಳೆಯ ಕಡೆ ಗಲ್ಲ ಎತ್ತಿದರು. "ಚಿಕ್ಕವಳೇ, ಕತ್ತರಿ ತಗೋ."

"ನಾನಾ?"

"ಅವಳಿಗೆ ಇವತ್ತು ಕತ್ತರಿ ಮುಟ್ಟಬೇಡ ಅಂದಿದ್ದಾರೆ. ನಾನು ಹಿಡಿದ್ರೆ ಪರದೆ ಜಾಲರಿ ಆಗುತ್ತೆ. ನಾಳೆ ಹೊಲಿಗೆ ಶುರುವಾಗಬೇಕು. ಇನ್ಯಾರು, ಔಷಧಿ ಅಂಗಡಿಯವರು ಬರ್ತಾರಾ?"

ಮೊಳೆಯಿಂದ ಕತ್ತರಿ ಇಳಿಯಿತು. ದೊಡ್ಡವಳು ಕುರ್ಚಿಯ ಮೇಲೆ ಕೂತು ಅದನ್ನು ಬೇರೆಯವರ ಕೈಯಲ್ಲಿ ನೋಡಿದಳು. ತನ್ನ ಹೆಬ್ಬೆರಳು ಸವೆಸಿದ ಹಿಡಿಯಲ್ಲಿ ಚಿಕ್ಕವಳ ಹೆಬ್ಬೆರಳು ಸಲೀಸಾಗಿ ಕೂತುಬಿಟ್ಟಿತು. ಅದು ಕೂರದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು. ಚಿಕ್ಕವಳು ಕತ್ತರಿಯ ಮೊದಲ ಕಡಿತ ಹಾಕಿದಳು, ಸದ್ದು ತೊದಲಿತು. ಎರಡನೆಯ ಕಡಿತದವರೆಗೆ ದೊಡ್ಡವಳು ತಡೆದುಕೊಂಡಳು, ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ಕೆಳಗಿನ ಅಲಗು ಮೇಜು ಬಿಟ್ಟು ಏಳಬಾರದು ಕಣೆ. ಕತ್ತರಿ ಎತ್ತಬೇಡ, ನೂಕು. ಬಟ್ಟೆ ತಾನಾಗಿ ಬರುತ್ತೆ."

ಚಿಕ್ಕವಳು ನೂಕಿದಳು. ಬಟ್ಟೆ ಬಂತು.

ಮಾರನೆಯ ಬೆಳಿಗ್ಗೆಯಿಂದ ದೊಡ್ಡವಳು ತನ್ನ ಮಾತ್ರೆಯನ್ನು ಮತ್ತೆ ನೀರಿನ ಜೊತೆ ತೆಗೆದುಕೊಂಡಳು. ವಾರ ತುಂಬುವ ಮೊದಲು ಸೀನು ನಿಂತಿತು. ಸಂಗೀತ ಶಾಲೆಯವರು ಮೂಲೆಯ ಕಿಟಕಿಯನ್ನು ನೋಡಿ ತಲೆಯಾಡಿಸಿ, ಉಳಿದವಕ್ಕೆ ಹಣ ಕೊಟ್ಟರು. ಚಿಕ್ಕವಳ ಕಿಟಕಿಯ ಕಟ್ಟೆಯ ಮೇಲೆ ಈಗ ಹಳದಿ ಸೀಸೆ ಒಂದೇ ಇದೆ. ನಿದ್ದೆ ಬರುತ್ತಿದೆಯೇ ಎಂದು ದೊಡ್ಡವಳು ಕೇಳಿದಾಗ, ದಿನವಿಡೀ ಕತ್ತರಿ ಹಿಡಿದ ದಣಿವಿಗೆ ತಾನಾಗಿಯೇ ಬರುತ್ತದೆ ಅಂದಳು. ಗಿರಾಕಿಗಳು ಈಗಲೂ ಅವಳ ಮುಖವನ್ನೇ ನೋಡುತ್ತಾರೆ, ದೊಡ್ಡವಳಿಗೆ ಈಗಲೂ ಒಳಗೆ ಚುರ್ ಎನ್ನುತ್ತದೆ.

ಹೋದದ್ದು ಒಂದು ಕಿಟಕಿಯ ಕೂಲಿ, ಮತ್ತು ಕತ್ತರಿ ತನ್ನೊಬ್ಬಳದೇ ಎಂಬ ಹಕ್ಕು. ಸಿಕ್ಕಿದ್ದು ತೆರೆದ ಮೂಗು, ಹತ್ತೂ ಬೆರಳು, ಮತ್ತು ಮೇಜಿನ ಆಚೆ ತುದಿಯಲ್ಲಿ ಬಟ್ಟೆ ಹಿಡಿಯಲು ಇನ್ನೊಂದು ಜೊತೆ ಕೈ.